ಕುಶಲಕರ್ಮಿ ವಿಲಿಯಂ ಮಾರಿಸ್

ನಾವು ದಿನವೂ ಬಳಸುವ ವಸ್ತುಗಳನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂದು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಕುಳಿತುಕೊಳ್ಳುವ ಕುರ್ಚಿ, ಉಡುವ ಬಟ್ಟೆ, ಓದುವ ಪುಸ್ತಕ ಇವೆಲ್ಲ ಅಂಗಡಿಯಿಂದ ಬಂದವು ಎಂಬಷ್ಟು ತಿಳಿವಳಿಕೆಯೇ ನಮಗೆ ಸಾಕಾಗುತ್ತದೆ. ಆದರೆ ಪ್ರತಿಯೊಂದು ವಸ್ತುವಿನ ಹಿಂದೆಯೂ ಮನುಷ್ಯರ ದುಡಿಮೆಯಿದೆ. ಆ ದುಡಿಮೆ ಅವರಿಗೆ ಸಂತೋಷ ಕೊಟ್ಟಿತೆ, ಅಥವಾ ಅವರನ್ನು ಹಿಂಡಿ ಹಿಪ್ಪೆಮಾಡಿತೆ? ಈ ಪ್ರಶ್ನೆಯನ್ನು ತನ್ನ ಜೀವನದ ಮುಖ್ಯ ಪ್ರಶ್ನೆಯನ್ನಾಗಿ ಮಾಡಿಕೊಂಡು, ಅದಕ್ಕೆ ಉತ್ತರವನ್ನು ತನ್ನ ಕೈಗಳಿಂದಲೇ ಹುಡುಕಲು ಹೊರಟವನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಿಲಿಯಂ ಮಾರಿಸ್. ಅವನು ಕವಿ, ಚಿತ್ತಾರಗಾರ, ನೇಕಾರ, ಬಣ್ಣಗಾರ, ಮುದ್ರಕ ಮತ್ತು ಸಮಾಜವಾದಿ. ಒಬ್ಬನೇ ಮನುಷ್ಯ ಇಷ್ಟೆಲ್ಲ ಆಗಿದ್ದನೆಂದರೆ ಆಶ್ಚರ್ಯವಾಗುತ್ತದೆ. ಆದರೆ ಈ ಎಲ್ಲ ಕೆಲಸಗಳನ್ನೂ ಪೋಣಿಸಿದ ದಾರ ಒಂದೇ ಆಗಿತ್ತು.

ಮಾರಿಸ್ 1834ರ ಮಾರ್ಚ್ 24ರಂದು ಲಂಡನ್ನಿಗೆ ಸಮೀಪದ ವಾಲ್ತಮ್‌ಸ್ಟೋ ಎಂಬಲ್ಲಿ ಜನಿಸಿದನು. ಅವನ ತಂದೆ ಲಂಡನ್ನಿನಲ್ಲಿ ಹಣಕಾಸಿನ ದಲ್ಲಾಳಿಯಾಗಿದ್ದನು. ಡೆವನ್ ಪ್ರಾಂತದ ತಾಮ್ರದ ಗಣಿಯೊಂದರಲ್ಲಿ ತೊಡಗಿಸಿದ ಹಣ ಬಹಳ ಲಾಭ ತಂದುದರಿಂದ ಮನೆಯಲ್ಲಿ ಸಂಪತ್ತಿಗೆ ಕೊರತೆಯಿರಲಿಲ್ಲ. 1840ರಲ್ಲಿ ಕುಟುಂಬವು ಎಪಿಂಗ್ ಎಂಬ ಕಾಡಿನ ಅಂಚಿನಲ್ಲಿದ್ದ ದೊಡ್ಡ ಮನೆಗೆ ಹೋಗಿ ನೆಲಸಿತು. ಆ ಕಾಡೇ ಬಾಲಕ ಮಾರಿಸನ ಮೊದಲ ಪಾಠಶಾಲೆ. ಆಟದ ಕವಚ ತೊಟ್ಟು, ಪುಟ್ಟ ಕುದುರೆಯನ್ನೇರಿ ಅವನು ಮರಗಳ ನಡುವೆ ಅಲೆಯುತ್ತಿದ್ದನು. ಎಲೆಗಳ ಅಂಚು, ಬಳ್ಳಿಗಳ ಬಾಗು, ಹಕ್ಕಿಗಳ ಬಣ್ಣ ಇವೆಲ್ಲ ಅವನ ಮನಸ್ಸಿನಲ್ಲಿ ಅಚ್ಚೊತ್ತಿದವು. ಮುಂದೆ ಅವನು ಬಿಡಿಸಿದ ನೂರಾರು ಚಿತ್ತಾರಗಳಲ್ಲಿ ಈ ಕಾಡಿನ ಎಲೆ ಬಳ್ಳಿಗಳೇ ಮತ್ತೆ ಮತ್ತೆ ಚಿಗುರಿದವು.

ಅದು ಇಂಗ್ಲೆಂಡಿನಲ್ಲಿ ಕೈಗಾರಿಕಾ ಕ್ರಾಂತಿಯು ತನ್ನ ಪೂರ್ಣ ಬಲವನ್ನು ತೋರುತ್ತಿದ್ದ ಕಾಲ. ಉಗಿಯಂತ್ರಗಳು ನೂಲುತ್ತಿದ್ದವು, ನೇಯುತ್ತಿದ್ದವು. ಹಳ್ಳಿಗಳ ಜನರು ಗಿರಣಿಗಳಿದ್ದ ಪಟ್ಟಣಗಳಿಗೆ ಗುಂಪುಗುಂಪಾಗಿ ಬಂದು ಸೇರುತ್ತಿದ್ದರು. ಹಿಂದೆ ಬಡಗಿಯೊಬ್ಬನು ಮರವನ್ನು ಆರಿಸಿ, ಕೊಯ್ದು, ಕೆತ್ತಿ, ಜೋಡಿಸಿ ಒಂದು ಕುರ್ಚಿಯನ್ನು ಪೂರ್ತಿಯಾಗಿ ತಾನೇ ಮಾಡುತ್ತಿದ್ದನು. ಅದು ತನ್ನ ಕುರ್ಚಿ ಎಂಬ ಅಭಿಮಾನ ಅವನಿಗಿರುತ್ತಿತ್ತು. ಈಗ ಕೆಲಸವನ್ನು ಚೂರುಚೂರಾಗಿ ಹಂಚಲಾಯಿತು. ಒಬ್ಬನು ಇಡೀ ದಿನ ಒಂದೇ ತುಂಡನ್ನು ಕತ್ತರಿಸಬೇಕು. ಇನ್ನೊಬ್ಬನು ಇಡೀ ದಿನ ಒಂದೇ ರಂಧ್ರವನ್ನು ಕೊರೆಯಬೇಕು. ವಸ್ತುಗಳು ಬೇಗ ಬೇಗ ತಯಾರಾದವು, ಬೆಲೆಯೂ ಇಳಿಯಿತು. ಆದರೆ ಅವುಗಳನ್ನು ಮಾಡಿದವನಿಗೆ ತಾನು ಏನು ಮಾಡಿದೆನೆಂದು ಹೇಳಿಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಬೃಹತ್ ಮಂದಿರವನ್ನು ಕಟ್ಟಿ, ಜಗತ್ತಿನ ನಾನಾ ದೇಶಗಳ ಕೈಗಾರಿಕಾ ವಸ್ತುಗಳನ್ನು ಪ್ರದರ್ಶನಕ್ಕೆ ಇಡಲಾಯಿತು. ಅದನ್ನು ನೋಡಲು ಜನರು ಸಾಗರೋಪಾದಿಯಲ್ಲಿ ಬಂದರು. ಹದಿನೇಳು ವರ್ಷದ ಮಾರಿಸನೂ ಮನೆಯವರೊಂದಿಗೆ ಅಲ್ಲಿಗೆ ಹೋದನು, ಆದರೆ ಒಳಗೆ ಕಾಲಿಡದೆ ಹೊರಗೇ ಕುಳಿತುಬಿಟ್ಟನು ಎಂಬ ಕತೆಯಿದೆ. ಆ ಕತೆ ಹೇಗೇ ಇರಲಿ, ಅತಿಯಾದ ಅಲಂಕಾರವನ್ನು ಹೇರಿಕೊಂಡ, ಜೀವವಿಲ್ಲದ ಯಂತ್ರದ ಸರಕುಗಳ ಬಗೆಗೆ ಅವನಿಗಿದ್ದ ಅರುಚಿ ಮಾತ್ರ ಕೊನೆಯವರೆಗೂ ಕಡಮೆಯಾಗಲಿಲ್ಲ.

1853ರಲ್ಲಿ ಮಾರಿಸ್ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಎಕ್ಸಿಟರ್ ಕಾಲೇಜನ್ನು ಸೇರಿದನು. ಆಗ ಅವನಿಗೆ ಪಾದ್ರಿಯಾಗುವ ಉದ್ದೇಶವಿತ್ತು. ಅದೇ ಉದ್ದೇಶದಿಂದ ಬಂದಿದ್ದ ಎಡ್ವರ್ಡ್ ಬರ್ನ್-ಜೋನ್ಸ್ ಅವನ ಗೆಳೆಯನಾದನು. ಆ ಗೆಳೆತನ ಜೀವನಪರ್ಯಂತ ಉಳಿಯಿತು. ಇಬ್ಬರೂ ಕೂಡಿ ಜಾನ್ ರಸ್ಕಿನ್ನನ ಬರಹಗಳನ್ನು ಓದಿದರು. ವೆನಿಸ್ ನಗರದ ಕಟ್ಟಡಗಳನ್ನು ಕುರಿತ ತನ್ನ ಗ್ರಂಥದಲ್ಲಿ ರಸ್ಕಿನ್ ಒಂದು ಹೊಸ ಮಾತನ್ನು ತಿಳಿಸಿದ್ದನು. ಮಧ್ಯಯುಗದ ಇಗರ್ಜಿಗಳನ್ನು ಕೆತ್ತಿದ ಕಲ್ಲುಕುಟಿಗರ ಕೆಲಸದಲ್ಲಿ ಅಲ್ಲಲ್ಲಿ ಒರಟುತನವಿದ್ದರೂ ಅದರಲ್ಲಿ ಅವರ ಸ್ವಂತ ಬುದ್ಧಿಯೂ ಕಲ್ಪನೆಯೂ ಇವೆ, ಆ ಒರಟುತನವೇ ಅವರು ಸ್ವತಂತ್ರರಾಗಿದ್ದರೆಂಬುದಕ್ಕೆ ಸಾಕ್ಷಿ ಎಂಬುದು ಅದರ ಸಾರ. ಕಟ್ಟಡದ ಅಂದವನ್ನು ಅದನ್ನು ಕಟ್ಟಿದವನ ಬಾಳಿನೊಂದಿಗೆ ಸೇರಿಸಿ ನೋಡಬೇಕೆಂಬ ಈ ವಿಚಾರವು ಮಾರಿಸನ ಕಣ್ಣನ್ನು ತೆರೆಯಿತು.

1855ರ ಬೇಸಗೆಯಲ್ಲಿ ಗೆಳೆಯರು ಫ್ರಾನ್ಸಿಗೆ ಹೋಗಿ ಅಲ್ಲಿನ ಪ್ರಾಚೀನ ಇಗರ್ಜಿಗಳನ್ನು ಕಂಡರು. ಆ ಪ್ರವಾಸದಲ್ಲಿಯೇ ಇಬ್ಬರೂ ಪಾದ್ರಿಗಳಾಗುವ ಆಸೆಯನ್ನು ತೊರೆದು ಕಲೆಗೆ ಬಾಳನ್ನು ಮೀಸಲಿಡಲು ನಿರ್ಧರಿಸಿದರು. ಬರ್ನ್-ಜೋನ್ಸ್ ಚಿತ್ರಕಾರನಾದನು. ಮಾರಿಸ್ 1856ರಲ್ಲಿ ವಾಸ್ತುಶಿಲ್ಪಿಯೊಬ್ಬನ ಕಚೇರಿಯನ್ನು ಸೇರಿ, ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು ಚಿತ್ರಕಲೆಯನ್ನು ಕೈಗೊಂಡನು. ಅದೂ ಅವನಿಗೆ ಪೂರ್ತಿಯಾಗಿ ಒಗ್ಗಲಿಲ್ಲ. ಅವನ ನಿಜವಾದ ದಾರಿ ಬೇರೊಂದು ಕಡೆಯಿಂದ ತೆರೆಯಿತು.

ಲಂಡನ್ನಿನಲ್ಲಿ ಗೆಳೆಯರಿಬ್ಬರೂ ಕೂಡಿ ಕೊಠಡಿಗಳನ್ನು ಬಾಡಿಗೆಗೆ ಹಿಡಿದಾಗ ಅಲ್ಲಿಗೆ ಬೇಕಾದ ಮೇಜು ಕುರ್ಚಿಗಳಿಗಾಗಿ ಅಂಗಡಿಗಳನ್ನು ಹುಡುಕಿದರು. ಮನಸ್ಸಿಗೆ ಒಪ್ಪುವ ಒಂದು ವಸ್ತುವೂ ಸಿಗಲಿಲ್ಲ. ಕೊನೆಗೆ ಮಾರಿಸ್ ತಾನೇ ಮಾದರಿಗಳನ್ನು ಬರೆದು ಬಡಗಿಯಿಂದ ಮಾಡಿಸಿಕೊಂಡನು. 1859ರಲ್ಲಿ ಅವನು ಆಕ್ಸ್‌ಫರ್ಡಿನ ಕುದುರೆಲಾಯದ ಕೆಲಸಗಾರನೊಬ್ಬನ ಮಗಳಾದ ಜೇನ್ ಬರ್ಡನ್ ಎಂಬುವಳನ್ನು ಮದುವೆಯಾದನು. ಹೊಸ ಸಂಸಾರಕ್ಕಾಗಿ ಅವನ ಗೆಳೆಯ ಫಿಲಿಪ್ ವೆಬ್ ಕೆಂಟ್ ಪ್ರಾಂತದಲ್ಲಿ ಕೆಂಪು ಇಟ್ಟಿಗೆಯ ಮನೆಯೊಂದನ್ನು ಕಟ್ಟಿಕೊಟ್ಟನು. 'ಕೆಂಪು ಮನೆ' ಎಂದೇ ಅದು ಹೆಸರಾಯಿತು. ಅದರ ಒಳಗನ್ನು ಅಲಂಕರಿಸಲು ಗೆಳೆಯರೆಲ್ಲ ಸೇರಿದರು. ಕೆಲವರು ಗೋಡೆಗಳಿಗೆ ಚಿತ್ರ ಬರೆದರು, ಕೆಲವರು ಕಪಾಟುಗಳಿಗೆ ಬಣ್ಣ ಹಚ್ಚಿದರು. ಮಾರಿಸ್ ಮತ್ತು ಜೇನ್ ಹಳೆಯ ಕಸೂತಿಯ ಬಟ್ಟೆಗಳನ್ನು ತಂದು, ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಮರೆತುಹೋಗಿದ್ದ ಹೊಲಿಗೆಯ ವಿಧಾನಗಳನ್ನು ಕಲಿತುಕೊಂಡರು.

ಈ ಸಂತೋಷದ ಸಹಕಾರವೇ 1861ರಲ್ಲಿ ಒಂದು ಉದ್ಯಮವಾಗಿ ರೂಪುಗೊಂಡಿತು. ಮಾರಿಸ್ ಮತ್ತು ಅವನ ಗೆಳೆಯರು ಕೂಡಿ ಒಂದು ಪಾಲುದಾರಿಕೆಯ ಸಂಸ್ಥೆಯನ್ನು ಆರಂಭಿಸಿದರು. ಇಗರ್ಜಿಗಳಿಗೆ ಬಣ್ಣದ ಗಾಜಿನ ಕಿಟಕಿಗಳು, ಮನೆಗಳಿಗೆ ಮರದ ಸಾಮಾನುಗಳು, ಕಸೂತಿ, ಹೆಂಚುಬಿಲ್ಲೆಗಳು, ಗೋಡೆಗೆ ಅಂಟಿಸುವ ಚಿತ್ತಾರದ ಕಾಗದ ಇವೆಲ್ಲ ಅಲ್ಲಿ ತಯಾರಾದವು. 1875ರಲ್ಲಿ ಮಾರಿಸ್ ಈ ಸಂಸ್ಥೆಯ ಪೂರ್ಣ ಹೊಣೆಯನ್ನು ತಾನೇ ವಹಿಸಿಕೊಂಡನು. ಈ ನಡುವೆ ಅವನು ಕವಿಯಾಗಿಯೂ ಕೀರ್ತಿ ಪಡೆದಿದ್ದನು. 1868ರಿಂದ 1870ರವರೆಗೆ ಪ್ರಕಟವಾದ 'ದಿ ಅರ್ತ್ಲಿ ಪ್ಯಾರಡೈಸ್' ಎಂಬ ಅವನ ದೀರ್ಘ ಕಥನಕಾವ್ಯವನ್ನು ಜನ ಪ್ರೀತಿಯಿಂದ ಓದಿದರು. ಕವಿಯೆಂಬ ಹೆಸರೊಂದೇ ಅವನಿಗೆ ಸಾಕಾಗಬಹುದಾಗಿತ್ತು. ಆದರೆ ಅವನಿಗೆ ಲೇಖನಿಯಷ್ಟೇ ಲಾಳಿಯೂ ಬೇಕಾಗಿತ್ತು.

ಚಿತ್ತಾರವನ್ನು ಕಾಗದದ ಮೇಲೆ ಬರೆದುಕೊಟ್ಟು, ಮಿಕ್ಕುದನ್ನು ಕೆಲಸಗಾರರಿಗೆ ಬಿಡುವುದು ಮಾರಿಸನ ಸ್ವಭಾವವಾಗಿರಲಿಲ್ಲ. ಒಂದು ಕಸುಬಿನ ಒಳಹೊರಗುಗಳನ್ನು ಸ್ವತಃ ಅರಿಯದವನು ಆ ಕಸುಬಿಗೆ ಮಾದರಿಯನ್ನು ಬರೆಯಲಾರನೆಂಬುದು ಅವನ ದೃಢವಾದ ನಂಬಿಕೆ. ಇದಕ್ಕೆ ಅವನು ಬಣ್ಣಗಾರಿಕೆಯನ್ನು ಕಲಿತ ಬಗೆಯೇ ಉತ್ತಮ ನಿದರ್ಶನ.

1856ರಲ್ಲಿ ಪರ್ಕಿನ್ ಎಂಬ ತರುಣ ರಸಾಯನ ವಿಜ್ಞಾನಿಯು ಕಲ್ಲಿದ್ದಲಿನ ಟಾರಿನಿಂದ ದೊರೆಯುವ ಪದಾರ್ಥದಿಂದ ನೇರಿಳೆ ಬಣ್ಣವನ್ನು ತಯಾರಿಸಿದ್ದನು. ಅಂದಿನಿಂದ ಇಂತಹ ಕೃತಕ ಬಣ್ಣಗಳು ಮಾರುಕಟ್ಟೆಯನ್ನು ತುಂಬತೊಡಗಿದವು. ಅವು ಕಣ್ಣು ಕೋರೈಸುತ್ತಿದ್ದವು, ಆದರೆ ಅವುಗಳಲ್ಲಿ ಹಲವು ಬಿಸಿಲಿಗೆ ಬಹುಬೇಗ ಮಾಸಿಹೋಗುತ್ತಿದ್ದವು. ಗಿಡ ಬೇರುಗಳಿಂದ ಬಣ್ಣ ತೆಗೆಯುವ ಪುರಾತನ ವಿದ್ಯೆ ಮೂಲೆಗುಂಪಾಗುತ್ತಿತ್ತು. ಮಾರಿಸ್ ಹಳೆಯ ಸಸ್ಯಗ್ರಂಥಗಳನ್ನು ಹುಡುಕಿ ಓದಿದನು. ಓದಿದ್ದು ಸಾಲದೆ, 1875ರಲ್ಲಿ ಲೀಕ್ ಎಂಬ ಪಟ್ಟಣದಲ್ಲಿದ್ದ ಥಾಮಸ್ ವಾರ್ಡಲ್ ಎಂಬುವನ ಬಣ್ಣದ ಕಾರ್ಖಾನೆಗೆ ಹೋಗಿ ಕೆಲಸ ಕಲಿಯತೊಡಗಿದನು. ಈ ವಾರ್ಡಲ್ ಭಾರತದ ಟಸ್ಸಾರ್ ರೇಷ್ಮೆಯನ್ನು ಯೂರೋಪಿಗೆ ಪರಿಚಯಿಸಲು ಬಹಳವಾಗಿ ಶ್ರಮಿಸಿದವನು. ಕೆಂಪಿಗೆ ಮಂಜಿಷ್ಠದ ಬೇರು, ಹಳದಿಗೆ ಹೊಲಗಳಲ್ಲಿ ಬೆಳೆಯುವ ಒಂದು ಬಗೆಯ ಗಿಡ, ಕಂದಿಗೆ ಆಕ್ರೋಟಿನ ಬೇರು, ನೀಲಿಗೆ ನೀಲಿಗಿಡ. ಹೀಗೆ ಒಂದೊಂದನ್ನೂ ಕುದಿಸಿ, ಅದ್ದಿ, ಒಣಗಿಸಿ, ತೊಳೆದು ಪರೀಕ್ಷಿಸಿದನು.

ಇವುಗಳಲ್ಲಿ ನೀಲಿಯೇ ಅತ್ಯಂತ ಕಠಿಣವಾದುದು. ನೀಲಿಯು ನೀರಿನಲ್ಲಿ ಹಾಗೆಯೇ ಕರಗುವುದಿಲ್ಲ. ಅದನ್ನು ತೊಟ್ಟಿಯಲ್ಲಿ ಸುಣ್ಣದಂತಹ ಕ್ಷಾರದೊಡನೆ ಸೇರಿಸಿ ಹದಕ್ಕೆ ತರಬೇಕು. ಹದ ತಪ್ಪಿದರೆ ಇಡೀ ತೊಟ್ಟಿಯೇ ಕೆಟ್ಟುಹೋಗುತ್ತದೆ. ಹದವಾದ ತೊಟ್ಟಿಯಲ್ಲಿ ಅದ್ದಿ ತೆಗೆದ ಬಟ್ಟೆಯು ಮೊದಲು ಹಸಿರು ಛಾಯೆಯಲ್ಲಿರುತ್ತದೆ. ಗಾಳಿ ತಾಕಿದಂತೆಲ್ಲ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಈ ಹದವನ್ನು ಪುಸ್ತಕ ಓದಿ ತಿಳಿಯಲಾಗದು. ಕಣ್ಣು, ಮೂಗು, ಕೈಗಳೇ ಅದನ್ನು ತಿಳಿಯಬೇಕು. ಶ್ರೀಮಂತ ಮನೆತನದಲ್ಲಿ ಹುಟ್ಟಿ, ವಿಶ್ವವಿದ್ಯಾನಿಲಯದಲ್ಲಿ ಓದಿ, ಕವಿಯೆಂದು ಹೆಸರಾದ ಮಾರಿಸ್ ಒರಟು ಅಂಗಿ ತೊಟ್ಟು, ಕೆಲಸಗಾರರ ಜೊತೆಯಲ್ಲಿ ತೊಟ್ಟಿಯ ಬಳಿ ನಿಂತು ದುಡಿದನು. ಅವನ ಕೈಗಳು ಮೊಳಕೈಯವರೆಗೂ ನೀಲಿಯಾಗಿದ್ದವು. ಅದರಿಂದ ಅವನು ನಾಚಲಿಲ್ಲ; ಹೆಮ್ಮೆಪಟ್ಟನು.

ನೇಯ್ಗೆಯನ್ನೂ ಅವನು ಹೀಗೆಯೇ ಕಲಿತನು. ಉಣ್ಣೆ ಮತ್ತು ರೇಷ್ಮೆಯ ಎಳೆಗಳಿಂದ ಚಿತ್ರಗಳನ್ನೇ ನೇಯ್ದು ಗೋಡೆಗೆ ತೂಗುಹಾಕುವ ಚಿತ್ರನೇಯ್ಗೆ ಯೂರೋಪಿನ ಪುರಾತನ ಕಲೆಗಳಲ್ಲಿ ಒಂದು. ಇಂಗ್ಲೆಂಡಿನಲ್ಲಿ ಅದನ್ನು ಹೇಳಿಕೊಡುವವರು ಅವನಿಗೆ ದೊರೆಯಲಿಲ್ಲ. ಹಳೆಯ ಫ್ರೆಂಚ್ ಕೈಪಿಡಿಯೊಂದನ್ನು ಎದುರಿಗಿಟ್ಟುಕೊಂಡು, ಲಂಡನ್ನಿನ ಹ್ಯಾಮರ್‌ಸ್ಮಿತ್ತಿನಲ್ಲಿದ್ದ ತನ್ನ ಮನೆಯ ಮಲಗುವ ಕೋಣೆಯಲ್ಲಿಯೇ ಮಗ್ಗವನ್ನು ಹೂಡಿಸಿದನು. ನಸುಕಿನಲ್ಲಿ ಎದ್ದು, ಮನೆಯವರು ಏಳುವ ಮೊದಲೇ ಮಗ್ಗದ ಮುಂದೆ ಕೂಡುತ್ತಿದ್ದನು. 1879ರ ಮೇ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳವರೆಗೆ ದುಡಿದು ಎಲೆ ಬಳ್ಳಿಗಳ ಒಂದು ಚಿತ್ರವಸ್ತ್ರವನ್ನು ಮುಗಿಸಿದನು. ಅದಕ್ಕಾಗಿ ವ್ಯಯಿಸಿದ ವೇಳೆಯನ್ನು ದಿನದಿನವೂ ಬರೆದಿಟ್ಟಿದ್ದನು. ಒಟ್ಟು 516 ಗಂಟೆಗಳು! ಬೇಸರಪಡದೆ ಒಂದೇ ಕೆಲಸದಲ್ಲಿ ಇಷ್ಟು ಹೊತ್ತು ಮುಳುಗಿರಲು ಹಣದ ಆಸೆ ಕಾರಣವಾಗಿರಲಿಲ್ಲ. ಕೆಲಸವೇ ಅವನಿಗೆ ವಿಶ್ರಾಂತಿಯಾಗಿತ್ತು.

1881ರಲ್ಲಿ ಮಾರಿಸ್ ತನ್ನ ಕಾರ್ಯಾಗಾರಗಳನ್ನು ಲಂಡನ್ನಿನ ಹೊರವಲಯದ ಮರ್ಟನ್ ಆಬಿ ಎಂಬಲ್ಲಿಗೆ ಸಾಗಿಸಿದನು. ವಾಂಡಲ್ ನದಿಯ ದಡದಲ್ಲಿ ಏಳು ಎಕರೆಗಳ ಜಾಗ. ಮರಗಳು, ಹೂದೋಟ, ಹಳೆಯ ಮರದ ಕಟ್ಟಡಗಳು. ಆ ನದಿಯ ನೀರು ಬಣ್ಣಗಾರಿಕೆಗೆ ಹೇಳಿಮಾಡಿಸಿದಂತಿತ್ತು. ಒಂದು ಕಡೆ ನೆಲದಲ್ಲಿ ಹೂತ ನೀಲಿಯ ತೊಟ್ಟಿಗಳು, ಇನ್ನೊಂದು ಕಡೆ ಮಗ್ಗಗಳು, ಮತ್ತೊಂದು ಕಡೆ ಬಟ್ಟೆಗೆ ಅಚ್ಚು ಹಾಕುವ ಉದ್ದನೆಯ ಮೇಜುಗಳು. ಹೊಗೆ ಕವಿದ ಗಿರಣಿಗಳಲ್ಲಿ ಕಾಣದ ಬೆಳಕು ಗಾಳಿಗಳು ಇಲ್ಲಿದ್ದವು.

'ಸ್ಟ್ರಾಬೆರಿ ಕಳ್ಳ' ಎಂಬ ಅರ್ಥದ ಹೆಸರುಳ್ಳ ಪ್ರಸಿದ್ಧವಾದ ಅಚ್ಚಿನ ಬಟ್ಟೆಯು ಇಲ್ಲಿಯೇ 1883ರಲ್ಲಿ ತಯಾರಾಯಿತು. ಕೆಲ್ಮ್‌ಸ್ಕಾಟ್ ಎಂಬ ಹಳ್ಳಿಯಲ್ಲಿ ಮಾರಿಸ್ ಹಿಡಿದಿದ್ದ ಮನೆಯ ತೋಟದಲ್ಲಿ ಹಕ್ಕಿಗಳು ಸ್ಟ್ರಾಬೆರಿ ಹಣ್ಣುಗಳನ್ನು ಕದ್ದು ತಿನ್ನುತ್ತಿದ್ದವು. ಅವನು ಅವುಗಳನ್ನು ಓಡಿಸುವ ಬದಲು ಚಿತ್ತಾರದಲ್ಲಿ ಕೂರಿಸಿದನು. ಆ ಬಟ್ಟೆಯನ್ನು ಮಾಡುವುದು ಸುಲಭವಾಗಿರಲಿಲ್ಲ. ಮೊದಲು ಇಡೀ ಬಟ್ಟೆಯನ್ನು ಗಾಢ ನೀಲಿಯಲ್ಲಿ ಅದ್ದಬೇಕು. ಅನಂತರ ಬಣ್ಣವನ್ನು ತೆಗೆಯುವ ದ್ರಾವಣವನ್ನು ಮರದ ಅಚ್ಚುಗಳಿಂದ ಒತ್ತಿ, ಬೇಕಾದೆಡೆಗಳಲ್ಲಿ ನೀಲಿಯನ್ನು ತಿಳಿಯಾಗಿಸಬೇಕು, ಇಲ್ಲವೆ ಪೂರ್ತಿ ಅಳಿಸಬೇಕು. ತೊಳೆದು ಒಣಗಿಸಿದ ಮೇಲೆ ಕೆಂಪನ್ನೂ ಹಳದಿಯನ್ನೂ ಬೇರೆ ಬೇರೆಯಾಗಿ ಒತ್ತಬೇಕು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಹಕ್ಕಿಯ ಕಣ್ಣು ಅದರ ಮುಖದಿಂದ ಹೊರಗೆ ಬೀಳುತ್ತದೆ. ಅಷ್ಟು ದಿನಗಳ ಸಹನೆಯನ್ನು ಬೇಡುವ ಆ ಬಟ್ಟೆ ಇಂದೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನೋಡುವವರ ಮನಸ್ಸನ್ನು ಸೆಳೆಯುತ್ತಿದೆ.

ತನ್ನಲ್ಲಿಗೆ ಕೆಲಸ ಕಲಿಯಲು ಬಂದ ಹುಡುಗರಲ್ಲಿ ಮಾರಿಸನಿಗೆ ದೊಡ್ಡ ವಿಶ್ವಾಸವಿತ್ತು. ವಿಶೇಷ ಪ್ರತಿಭೆಯುಳ್ಳವರನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ತಾಳ್ಮೆಯಿಂದ ಹೇಳಿಕೊಟ್ಟರೆ ಸಾಮಾನ್ಯ ಹುಡುಗನ ಕೈಯೂ ಸುಂದರವಾದುದನ್ನು ಸೃಷ್ಟಿಸಬಲ್ಲುದು ಎಂದು ಅವನು ನಂಬಿದ್ದನು. ಜಾನ್ ಹೆನ್ರಿ ಡರ್ಲ್ ಎಂಬ ಹುಡುಗನು 1878ರಲ್ಲಿ ಅಂಗಡಿಯ ಸಹಾಯಕನಾಗಿ ಬಂದು ಸೇರಿದನು. ಮಾರಿಸ್ ಅವನಿಗೆ ಚಿತ್ರನೇಯ್ಗೆಯನ್ನು ತಾನೇ ಕಲಿಸಿದನು. ಮಾರಿಸನ ತರುವಾಯ ಸಂಸ್ಥೆಯ ಮುಖ್ಯ ಕಲಾವಿದನಾದವನು ಇದೇ ಡರ್ಲ್. ಮಾರಿಸನ ಕಿರಿಯ ಮಗಳು ಮೇ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿಯೇ ಕಸೂತಿ ವಿಭಾಗದ ಮುಖ್ಯಸ್ಥೆಯಾದಳು. ಗುರುವಿನ ನಂಬಿಕೆ ಸುಳ್ಳಾಗಲಿಲ್ಲ.

ಮಾರಿಸ್ ಯಂತ್ರಗಳನ್ನೆಲ್ಲ ಒಡೆದುಹಾಕಬೇಕೆಂದು ಬಯಸಿದನೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಅವನು 1877ರಲ್ಲಿ ಫ್ರಾನ್ಸಿನ ಲಿಯೋನ್ ನಗರದಿಂದ ನೇಕಾರನೊಬ್ಬನನ್ನು ಕರೆಸಿ, ಜಕಾರ್ಡ್ ಮಗ್ಗವನ್ನು ಹೂಡಿಸಿದ್ದನು. ಅವನ ಮಾದರಿಯ ಕೆಲವು ರತ್ನಗಂಬಳಿಗಳನ್ನು ಬೇರೆ ಕಾರ್ಖಾನೆಗಳಲ್ಲಿ ಯಂತ್ರಗಳೇ ನೇಯ್ದವು. ಬೆನ್ನು ಮುರಿಯುವ ಬೇಸರದ ಕೆಲಸವನ್ನು ಯಂತ್ರವು ವಹಿಸಿಕೊಳ್ಳುವುದಾದರೆ ಅದು ಒಳ್ಳೆಯದೆಂದೇ ಅವನ ಅಭಿಪ್ರಾಯ. ಆದರೆ ಯಂತ್ರವು ಮನುಷ್ಯನ ಆಳಾಗಿರಬೇಕೇ ಹೊರತು ಮನುಷ್ಯನು ಯಂತ್ರದ ಆಳಾಗಬಾರದು. ಕೆಲಸದಲ್ಲಿ ಬುದ್ಧಿಗೂ ಕಲ್ಪನೆಗೂ ಎಡೆಯಿಲ್ಲದಂತೆ ಮಾಡಿ, ದುಡಿಯುವವನನ್ನು ಯಂತ್ರದ ಒಂದು ಹಲ್ಲಾಗಿ ಇಳಿಸುವುದನ್ನು ಅವನು ಅನ್ಯಾಯವೆಂದು ಕರೆದನು. ಉಪಯೋಗಕ್ಕೆ ಬಾರದ, ಅಂದವೂ ಇಲ್ಲದ ವಸ್ತುಗಳನ್ನು ಮನೆಯಲ್ಲಿ ತುಂಬಿಕೊಳ್ಳಬಾರದೆಂದು ಜನರಿಗೆ ಅವನು ಬುದ್ಧಿ ಹೇಳಿದುದೂ ಇದೇ ಕಾರಣದಿಂದ. ಬೇಡದ ವಸ್ತುವನ್ನು ಕೊಳ್ಳುವವನು, ಅದನ್ನು ಮಾಡಲು ಒಬ್ಬ ಮನುಷ್ಯನ ದಿನವನ್ನು ವ್ಯರ್ಥಗೊಳಿಸಿದಂತೆಯೇ ಸರಿ.

ಆದರೆ ಇಲ್ಲಿಯೇ ಮಾರಿಸನ ಬಾಳಿನ ದೊಡ್ಡ ತೊಡಕು ಎದುರಾಯಿತು. ಕೈಯಿಂದ ನಿಧಾನವಾಗಿ, ಒಳ್ಳೆಯ ಸಾಮಗ್ರಿಯಿಂದ, ಕೆಲಸಗಾರನಿಗೆ ತಕ್ಕ ಸಂಬಳ ಕೊಟ್ಟು ಮಾಡಿದ ವಸ್ತುವಿಗೆ ಬೆಲೆ ಹೆಚ್ಚು. ಜೊಂಡುಹುಲ್ಲು ಹೆಣೆದ ಸಸೆಕ್ಸ್ ಕುರ್ಚಿಯಂತಹ ಕೆಲವು ಸರಳ ವಸ್ತುಗಳನ್ನು ಬಿಟ್ಟರೆ, ಅವನ ರತ್ನಗಂಬಳಿಗಳನ್ನೂ ಚಿತ್ರವಸ್ತ್ರಗಳನ್ನೂ ಕೊಳ್ಳಬಲ್ಲವರು ಶ್ರೀಮಂತರು ಮಾತ್ರವಾಗಿದ್ದರು. ಎಲ್ಲರ ಬಾಳಿನಲ್ಲಿಯೂ ಅಂದವಿರಬೇಕೆಂದು ಹೊರಟವನು ಕೊನೆಗೆ ಧನಿಕರ ವಿಲಾಸಕ್ಕಾಗಿ ದುಡಿಯುವಂತಾಯಿತಲ್ಲ ಎಂಬ ಕೊರಗು ಅವನನ್ನು ಬಾಧಿಸಿತು. ತನ್ನ ಸುಖದ ಮೂಲವೂ ಅವನನ್ನು ಚುಚ್ಚದಿರಲಿಲ್ಲ. ಅವನ ಮನೆತನದ ಸಂಪತ್ತು ಗಣಿಯಲ್ಲಿ ದುಡಿದವರ ಬೆವರಿನಿಂದ ಬಂದುದಾಗಿತ್ತು. ಆ ಗಣಿಯಲ್ಲಿ ತಾಮ್ರದ ಜೊತೆಗೆ ಪಾಷಾಣವೆಂಬ ವಿಷವಸ್ತುವನ್ನೂ ತೆಗೆಯುತ್ತಿದ್ದರು. ಅವನ ಆರಂಭದ ಚಿತ್ತಾರದ ಕಾಗದಗಳ ಹಸಿರಿನಲ್ಲಿಯೂ ಪಾಷಾಣವಿತ್ತೆಂಬುದನ್ನು ಈಚಿನ ಪರೀಕ್ಷೆಗಳು ತೋರಿಸಿವೆ. 1871ರಿಂದ ಆ ಗಣಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದ ಮಾರಿಸ್ 1875ರಲ್ಲಿ ಆ ಸ್ಥಾನವನ್ನು ತೊರೆದನು.

ಯೋಚಿಸಿದಷ್ಟೂ ಅವನಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಕೆಲಸಗಾರನಿಗೆ ಬಿಡುವಿಲ್ಲ, ಕಲಿಯಲು ಅವಕಾಶವಿಲ್ಲ, ವಾಸಕ್ಕೆ ಒಳ್ಳೆಯ ಮನೆಯಿಲ್ಲ. ಇಂತಹ ಸಮಾಜದಲ್ಲಿ ಒಳ್ಳೆಯ ಕುಶಲಕಲೆ ಕೆಲವರ ಅಲಂಕಾರವಾಗಿ ಉಳಿಯುತ್ತದೆಯೇ ಹೊರತು ಎಲ್ಲರ ಸೊತ್ತಾಗುವುದಿಲ್ಲ. ಆದುದರಿಂದ ಚಿತ್ತಾರವನ್ನು ತಿದ್ದಿದರೆ ಸಾಲದು, ಸಮಾಜವನ್ನೇ ತಿದ್ದಬೇಕು. 1883ರಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಮಾರಿಸ್ ಸಮಾಜವಾದಿ ಚಳವಳಿಯನ್ನು ಸೇರಿದನು. ಊರಿಂದೂರಿಗೆ ಪ್ರಯಾಣಮಾಡಿ ಭಾಷಣಗಳನ್ನು ಮಾಡಿದನು. ಬೀದಿಯ ಮೂಲೆಗಳಲ್ಲಿ ನಿಂತು, ಕೆಲವೇ ಜನ ಕೇಳುತ್ತಿದ್ದರೂ ಬೇಸರಿಸದೆ ತನ್ನ ವಿಚಾರಗಳನ್ನು ತಿಳಿಸಿದನು. ಹಳೆಯ ಗಿರಾಕಿಗಳೂ ಮಿತ್ರರೂ ಇದನ್ನು ಕಂಡು ಹುಬ್ಬೇರಿಸಿದರು. ಕಾರ್ಖಾನೆಯ ಒಡೆಯನೊಬ್ಬನು ಕೆಲಸಗಾರರ ಪಕ್ಷವನ್ನು ವಹಿಸಬಹುದೇ ಎಂದು ಕೆಲವರು ಹಂಗಿಸಿದರು. ತನ್ನ ಒಂದು ಕಾರ್ಯಾಗಾರವನ್ನು ಬದಲಿಸಿದ ಮಾತ್ರಕ್ಕೆ ಇಡೀ ವ್ಯವಸ್ಥೆ ಬದಲಾಗುವುದಿಲ್ಲವೆಂದು ಅವನು ಬಲ್ಲನು. ಆ ತೊಡಕು ಅವನ ಜೀವಿತದಲ್ಲಿ ಪೂರ್ತಿಯಾಗಿ ಬಿಡಿಸಲ್ಪಡಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. 1890ರಲ್ಲಿ ಬರೆದ 'ನ್ಯೂಸ್ ಫ್ರಮ್ ನೋವೇರ್' ಎಂಬ ಕಥೆಯಲ್ಲಿ, ಎಲ್ಲರೂ ಸಂತೋಷದಿಂದ ದುಡಿಯುವ, ದುಡಿಮೆಯೇ ಹಬ್ಬವಾಗಿರುವ ನಾಳಿನ ಇಂಗ್ಲೆಂಡನ್ನು ಕಲ್ಪಿಸಿಕೊಂಡನು.

ಬಾಳಿನ ಸಂಜೆಯಲ್ಲಿ ಮಾರಿಸ್ ಇನ್ನೊಂದು ಕಸುಬಿಗೆ ಕೈಹಾಕಿದನು. 1888ರಲ್ಲಿ ಎಮರಿ ವಾಕರ್ ಎಂಬ ಗೆಳೆಯನು ಮುದ್ರಣಕಲೆಯನ್ನು ಕುರಿತು ಉಪನ್ಯಾಸ ಮಾಡುತ್ತ, ಹದಿನೈದನೆಯ ಶತಮಾನದ ಅಚ್ಚಿನ ಅಕ್ಷರಗಳನ್ನು ತೆರೆಯ ಮೇಲೆ ದೊಡ್ಡದಾಗಿ ತೋರಿಸಿದನು. ಆ ಅಕ್ಷರಗಳ ಸೊಬಗನ್ನು ಕಂಡ ಮಾರಿಸನಿಗೆ, ತನ್ನ ಕಾಲದ ಪುಸ್ತಕಗಳು ಎಷ್ಟು ಸೊರಗಿಹೋಗಿವೆ ಎಂಬುದು ಮನದಟ್ಟಾಯಿತು. 1891ರಲ್ಲಿ ಅವನು ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿದನು. ಅಕ್ಷರಗಳ ರೂಪವನ್ನು ತಾನೇ ಬರೆದು ಮೊಳೆಗಳನ್ನು ಮಾಡಿಸಿದನು. ನಾರಗಸೆಯ ಬಟ್ಟೆಯ ಚಿಂದಿಯಿಂದ ಕೈಯಲ್ಲಿ ತಯಾರಿಸಿದ ಕಾಗದವನ್ನು ಆರಿಸಿದನು. ಒಳ್ಳೆಯ ಮಸಿಯನ್ನು ಜರ್ಮನಿಯಿಂದ ತರಿಸಿದನು. ಪುಟದಲ್ಲಿ ಅಚ್ಚಿನ ಸುತ್ತ ಎಷ್ಟು ಜಾಗ ಬಿಡಬೇಕು, ಪದಗಳ ನಡುವೆ ಎಷ್ಟು ತೆರಪಿರಬೇಕು ಎಂಬುದನ್ನೂ ಅವನು ಅಳೆದು ತೂಗಿ ನಿರ್ಧರಿಸಿದನು. ಕೈಯಿಂದ ನಡೆಸುವ ಅಚ್ಚುಯಂತ್ರದಲ್ಲಿ 53 ಕೃತಿಗಳು ಅಲ್ಲಿ ಮುದ್ರಣಗೊಂಡವು.

ಅವುಗಳಲ್ಲಿ ಕಿರೀಟಪ್ರಾಯವಾದುದು ಪ್ರಾಚೀನ ಆಂಗ್ಲ ಕವಿ ಚಾಸರನ ಸಮಗ್ರ ಕೃತಿಗಳ ಸಂಪುಟ. ಅದರಲ್ಲಿ ಗೆಳೆಯ ಬರ್ನ್-ಜೋನ್ಸ್ ರಚಿಸಿದ 87 ಚಿತ್ರಗಳಿವೆ. ಪುಟಗಳ ಅಂಚಿನ ಬಳ್ಳಿಗಳನ್ನೂ ದೊಡ್ಡ ಅಕ್ಷರಗಳನ್ನೂ ಮಾರಿಸ್ ಬರೆದನು. ಕಾಗದದ ಮೇಲೆ ಮುದ್ರಿಸಿದ ಪ್ರತಿಗಳು 425; ಒಂದೊಂದರ ಬೆಲೆ 20 ಪೌಂಡು. ಅಂದಿನ ಕೂಲಿಕಾರನೊಬ್ಬನ ಹಲವು ತಿಂಗಳ ಸಂಪಾದನೆ ಅದು. ಹಳೆಯ ತೊಡಕು ಇಲ್ಲಿಯೂ ಅವನನ್ನು ಬಿಡಲಿಲ್ಲ. ಆದರೂ ಪುಸ್ತಕವೆಂಬುದು ಹೇಗಿರಬಹುದು ಎಂಬುದನ್ನು ಮುಂದಿನ ಮುದ್ರಕರಿಗೆ ಅವನು ತೋರಿಸಿಕೊಟ್ಟನು. 1896ರ ಜೂನ್ ತಿಂಗಳಲ್ಲಿ ಮೊದಲ ಪ್ರತಿಗಳು ಸಿದ್ಧವಾಗಿ ಗೆಳೆಯರಿಬ್ಬರ ಕೈಸೇರಿದವು. ಆಗ ಮಾರಿಸ್ ಕಾಯಿಲೆಯಿಂದ ಬಹಳ ಬಳಲಿದ್ದನು. ನಾಲ್ಕು ತಿಂಗಳ ಅನಂತರ, 1896ರ ಅಕ್ಟೋಬರ್ 3ರಂದು, ತನ್ನ ಅರುವತ್ತೆರಡನೆಯ ವಯಸ್ಸಿನಲ್ಲಿ ಹ್ಯಾಮರ್‌ಸ್ಮಿತ್ತಿನ ಮನೆಯಲ್ಲಿ ಕಣ್ಣುಮುಚ್ಚಿದನು. ಹತ್ತು ಮಂದಿಯ ಕೆಲಸವನ್ನು ಒಬ್ಬನೇ ಮಾಡಿದುದೇ ಅವನ ಕಾಯಿಲೆಯೆಂದು ವೈದ್ಯನೊಬ್ಬನು ಅಭಿಪ್ರಾಯಪಟ್ಟನಂತೆ. ಬಳ್ಳಿ ಎಲೆಗಳಿಂದ ಸಿಂಗರಿಸಿದ ಹೊಲದ ಬಂಡಿಯೊಂದರಲ್ಲಿ ಅವನ ದೇಹವನ್ನು ಕೆಲ್ಮ್‌ಸ್ಕಾಟ್ ಹಳ್ಳಿಗೆ ಒಯ್ದು, ಅಲ್ಲಿನ ಇಗರ್ಜಿಯ ಅಂಗಳದಲ್ಲಿ ಮಣ್ಣುಮಾಡಿದರು.

ಮಾರಿಸನ ಸಂಸ್ಥೆ 1940ರಲ್ಲಿ ಮುಚ್ಚಿಹೋಯಿತು. ಅವನ ವಿಚಾರಗಳು ಮಾತ್ರ ಮುಚ್ಚಿಹೋಗಲಿಲ್ಲ. ಅವನಿಂದ ಪ್ರೇರಣೆ ಪಡೆದ ಕುಶಲಕಲೆಗಳ ಚಳವಳಿ ಯೂರೋಪು ಅಮೆರಿಕಗಳಲ್ಲಿ ಹರಡಿತು. 1919ರಲ್ಲಿ ಜರ್ಮನಿಯಲ್ಲಿ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯನ್ನು ಸ್ಥಾಪಿಸಿದ ವಾಲ್ಟರ್ ಗ್ರೋಪಿಯಸ್ ಮಾರಿಸನ ಋಣವನ್ನು ಒಪ್ಪಿಕೊಂಡಿದ್ದಾನೆ. ನಮ್ಮ ನಾಡುಗಳಿಗೂ ಆ ಎಳೆ ಬಂದು ಸೇರಿತು. ಸಿಂಹಳದಲ್ಲಿ ಹುಟ್ಟಿ ಭಾರತೀಯ ಕಲೆಯ ಮಹಾ ವಿದ್ವಾಂಸರೆನಿಸಿದ ಆನಂದ ಕುಮಾರಸ್ವಾಮಿಯವರು ಮಾರಿಸನ ಅಭಿಮಾನಿಗಳಾಗಿದ್ದರು. ಸಿಂಹಳದ ಮಧ್ಯಯುಗದ ಕುಶಲಕಲೆಗಳನ್ನು ಕುರಿತ ತಮ್ಮ ಗ್ರಂಥವನ್ನು ಅವರು 1908ರಲ್ಲಿ ಮುದ್ರಿಸಿದುದು, ಹಿಂದೆ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿದ್ದ ಅಚ್ಚುಯಂತ್ರದಲ್ಲಿಯೇ. ಮರುವರ್ಷ ಅವರು ಭಾರತದ ಕುಶಲಕರ್ಮಿಯನ್ನು ಕುರಿತು ಪುಸ್ತಕ ಬರೆದರು. ಮಾರಿಸನ ಕಣ್ಣು ತೆರೆಸಿದ ರಸ್ಕಿನ್ನನ ಇನ್ನೊಂದು ಗ್ರಂಥವನ್ನು 1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಓದಿ ಗಾಂಧೀಜಿಯವರು ತಮ್ಮ ಬಾಳಿನ ರೀತಿಯನ್ನೇ ಬದಲಿಸಿಕೊಂಡರು. ಕೈದುಡಿಮೆಗೆ ಗೌರವ ಕೊಡದ ಸಮಾಜ ಉದ್ಧಾರವಾಗದೆಂಬ ನಂಬಿಕೆ ಈ ಎಲ್ಲರನ್ನೂ ಒಂದೇ ಹಾದಿಯ ಪಥಿಕರನ್ನಾಗಿ ಮಾಡಿತು.

ಇಂದು ಮಾರಿಸನ ಚಿತ್ತಾರಗಳನ್ನು ಯಂತ್ರಗಳೇ ಸಾವಿರಾರು ಸಂಖ್ಯೆಯಲ್ಲಿ ಮುದ್ರಿಸುತ್ತವೆ. ಅವನ ಹಕ್ಕಿಗಳೂ ಬಳ್ಳಿಗಳೂ ಅಗ್ಗದ ಬೆಲೆಯಲ್ಲಿ ಎಲ್ಲರ ಕೈಗೂ ಎಟುಕುತ್ತವೆ. ಅವನ ಆಸೆ ಹೀಗೆ ಅರ್ಧ ನೆರವೇರಿತೆನ್ನಬಹುದು. ಉಳಿದ ಅರ್ಧವು ಇನ್ನೂ ನಮ್ಮೆದುರಿಗಿದೆ. ಅಂದವಾದ ವಸ್ತು ಎಲ್ಲರಿಗೂ ದೊರೆತರೆ ಸಾಲದು. ಅದನ್ನು ಮಾಡುವವನ ದಿನವೂ ಅಂದವಾಗಿರಬೇಕು. ತಾನು ಮಾಡುವ ಕೆಲಸವನ್ನು ಚೆನ್ನಾಗಿ ಅರಿತು, ಅದರಲ್ಲಿ ತನ್ನ ಬುದ್ಧಿಯನ್ನೂ ಮನಸ್ಸನ್ನೂ ಇಟ್ಟು, ಮುಗಿದ ಮೇಲೆ ಇದು ನನ್ನ ಕೆಲಸವೆಂದು ತಲೆಯೆತ್ತಿ ಹೇಳುವಂತಾಗುವುದೇ ಕುಶಲತೆಯ ನಿಜವಾದ ಅರ್ಥ. ಅದು ನೇಕಾರನಿಗೆ ಸಲ್ಲುವಂತೆ ಯಂತ್ರ ನಡೆಸುವವನಿಗೂ, ಬಡಗಿಗೆ ಸಲ್ಲುವಂತೆ ವಿದ್ಯಾರ್ಥಿಗೂ ಸಲ್ಲುತ್ತದೆ. ದುಡಿಯುವ ಕೈಗಳನ್ನು ಕೀಳಾಗಿ ಕಾಣದೆ, ದುಡಿಮೆಯ ಬಣ್ಣ ಹತ್ತಿದ ತನ್ನ ಕೈಗಳನ್ನು ಹೆಮ್ಮೆಯಿಂದ ತೋರಿಸಿದ ವಿಲಿಯಂ ಮಾರಿಸ್ ಈ ಕಾರಣದಿಂದಲೇ ಇಂದಿಗೂ ಸ್ಮರಣೀಯನಾಗಿದ್ದಾನೆ.